ಮೇಜಿನ ಮೇಲೆ ಲೋಟ

ಹೋದ ವರ್ಷ ಜನವರಿಯಲ್ಲಿ ಊರಿನಿಂದ ಎರಡು ಹಲಗೆಗಳು ಬಂದವು. ಪುಣೆಗೆ ಬರುವ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ಯಾರದೋ ಅಡಿಕೆ ಚೀಲಗಳ ಪಕ್ಕದಲ್ಲಿ, ಅಮ್ಮನ ಹಳೇ ಸೀರೆ ಸುತ್ತಿಕೊಂಡು. ಬೆಳಗಿನ ಆರು ಗಂಟೆಗೆ ಕಾತ್ರಜ್ ಹತ್ತಿರ ಇಳಿಸಿಕೊಂಡು ಆಟೋ ಹಿಡಿದರೆ ಚಾಲಕ ಅದನ್ನು ಮೇಲಿಂದ ಕೆಳಗೆ ನೋಡಿ, ಇದರೊಳಗೆ ಹೆಣಗಿಣ ಇಲ್ಲ ತಾನೇ ಅಂದ. ಹಲಗೆ ಅಂದೆ. ಹಲಗೆಗೆ ಯಾರಾದರೂ ಸೀರೆ ಉಡಿಸುತ್ತಾರಾ ಅಂತ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ.

ನಮ್ಮ ಮನೆ ಸಾಗರದ ಕಡೆ. ದನ ಸಾಕುವುದು ನಿಂತು ಆರು ವರ್ಷವಾಯಿತು. ಅಪ್ಪ ಇರುವವರೆಗೆ ಖಾಲಿ ಕೊಟ್ಟಿಗೆಯನ್ನು ಹಾಗೇ ಉಳಿಸಿಕೊಂಡಿದ್ದರು. ಅವರು ಹೋದ ಮೇಲೆ, ಮಾಡು ತಾನಾಗಿ ಕುಸಿಯುವ ಮೊದಲು ಬಿಚ್ಚಿಸುವುದೇ ಲೇಸು ಅಂತ ಅಮ್ಮ ತೀರ್ಮಾನ ಮಾಡಿದಳು. ಹೆಂಚು ಒಬ್ಬರು ಒಯ್ದರು, ತೊಲೆ ಇನ್ನೊಬ್ಬರು. ಅಟ್ಟಕ್ಕೆ ಹಾಸಿದ್ದ ಹಲಸಿನ ಹಲಗೆಗಳಲ್ಲಿ ಎರಡನ್ನು ನಾನು ಕೇಳಿದೆ. 'ಎಂತ ಮಾಡ್ತೆ ಅದನ್ನ ತಗೊಂಡು?' ಅಂತ ಅಮ್ಮ. ಮೇಜು ಮಾಡುತ್ತೇನೆ ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲಿ ಮೇಜು ಸಿಗೂದಿಲ್ವ?' ಅಂದಳು.

ಸಿಗುತ್ತದೆ. ಮಾಡಬೇಕು ಅನ್ನಿಸಿದ್ದಕ್ಕೆ ಎರಡು ಕಾರಣ. ಒಂದು, ಆ ಮಳೆಗಾಲಕ್ಕೆ ಅಮ್ಮ ಪುಣೆಗೆ ಬಂದು ಇರುವುದಕ್ಕೆ ಒಪ್ಪಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ನಾಲ್ಕು ತಿಂಗಳ ಮಳೆಯನ್ನು ಒಬ್ಬಳೇ ಕಳೆಯುವುದು ಬೇಡ ಅಂತ ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ಬಂದವಳಿಗೆ ಇಲ್ಲಿ ತನ್ನದು ಅನ್ನಿಸುವ ಏನಾದರೂ ಇರಲಿ ಎಂಬ ಆಸೆ ಇತ್ತು. ಎರಡನೆಯ ಕಾರಣ ಸ್ವಲ್ಪ ನಾಚಿಕೆಯದು. ಅದಕ್ಕೆ ಹಿಂದಿನ ವರ್ಷ ನಾನು ಒಂದು ಮರದ ಪಾಲಿಶ್ ಕಂಪನಿಯ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿದ್ದೆ. ಇಪ್ಪತ್ತೆಂಟು ಪುಟ. ಡಬ್ಬಿ ಹೇಗೆ ತೆರೆಯಬೇಕು, ಮರವನ್ನು ಹೇಗೆ ಉಜ್ಜಬೇಕು, ಎರಡು ಕೈಗಳ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದೆಲ್ಲ ವಿವರವಾಗಿ ಬರೆದ ನಾನು ಜೀವನದಲ್ಲಿ ಒಂದು ಮಣೆಗೂ ಬಣ್ಣ ಬಳಿದವನಲ್ಲ.

ಆ ಕೈಪಿಡಿಯಲ್ಲಿ ನನ್ನನ್ನು ಎರಡು ದಿನ ಕಾಡಿದ್ದು ಒಂದೇ ಪದ: ಕ್ಲಿಯರ್ ಫಿನಿಶ್. ಮರದ ಬಣ್ಣವನ್ನು ಮುಚ್ಚದೆ ಮರವನ್ನು ಕಾಯುವ ಲೇಪ. 'ಪಾರದರ್ಶಕ ಲೇಪನ' ಅಂದರೆ ಸರ್ಕಾರಿ ಟೆಂಡರಿನ ಹಾಗೆ ಕೇಳುತ್ತದೆ. ಫಿನಿಶ್ ಅನ್ನು 'ಮುಕ್ತಾಯ' ಅಂದರೆ ಮೇಜು ಸತ್ತೇ ಹೋಗುತ್ತದೆ. ವಾರ್ನಿಶ್‌ಗೆ ನಮ್ಮಲ್ಲಿ ಮೆರುಗೆಣ್ಣೆ ಅನ್ನುವ ಒಳ್ಳೆಯ ಪದವಿದೆ, ಆದರೆ ಡಬ್ಬಿಯಲ್ಲಿರುವುದು ಎಣ್ಣೆಯಲ್ಲ. ಕೊನೆಗೆ 'ತಿಳಿಮೆರುಗು' ಎಂದು ಬರೆದೆ. ತಿಳಿನೀರು, ತಿಳಿಸಾರು ಅನ್ನುವಲ್ಲಿನ ತಿಳಿ. ಬಗ್ಗಡ ಕೆಳಗಿಳಿದು ತಳ ಕಾಣುವುದು. ಅರಿವಿಗೆ ಬರುವುದನ್ನೂ ತಿಳಿಯುವುದು ಅನ್ನುತ್ತೇವೆ. ಇಷ್ಟೆಲ್ಲ ಒಂದು ಟಿಪ್ಪಣಿಯಲ್ಲಿ ಬರೆದು ಕಳಿಸಿದೆ. ಮಾರನೆಯ ದಿನ ಉತ್ತರ ಬಂತು: ದಯವಿಟ್ಟು ಎಲ್ಲ ಕಡೆ 'ಕ್ಲಿಯರ್ ಕೋಟ್' ಎಂದು ಬದಲಾಯಿಸಿ. ಬದಲಾಯಿಸಿದೆ. ಹಣವೂ ಬಂತು. ಆ ಹಣದಲ್ಲೇ ಒಂದು ತೋಪಡ, ಎರಡು ಉಳಿ, ನಾಲ್ಕು ಕ್ಲಾಂಪು ಕೊಂಡೆ. ಊರಲ್ಲಿ ನಾವು ತೋಪಡ ಅನ್ನುವುದನ್ನು ಇಲ್ಲಿ ರಂಧಾ ಅನ್ನುತ್ತಾರೆ. ಅದೊಂದು ಪದ ಗೊತ್ತಿಲ್ಲದೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಕೈಸನ್ನೆ ಮಾಡಿದ್ದೇನೆ.

*

ಮೇಜು ಕಟ್ಟಿದ ಕತೆಯನ್ನು ಬೇಗ ಮುಗಿಸುತ್ತೇನೆ. ಹಲಗೆಗಳು 4.5 ಅಡಿ ಉದ್ದ, 11 ಇಂಚು ಅಗಲ. ಪಕ್ಕಪಕ್ಕ ಅಂಟಿಸಿದರೆ ಇಬ್ಬರು ಕೂತು ಉಣ್ಣಬಹುದಾದ, ಒಬ್ಬರು ಕೂತು ಕೆಲಸ ಮಾಡಬಹುದಾದ ಮೇಜು. ಕಾಲುಗಳಿಗೆ ಹಳೇ ಬಾಗಿಲ ಚೌಕಟ್ಟಿನ ತೇಗ. ಬಾಲ್ಕನಿಯಲ್ಲಿ ವಾರಾಂತ್ಯಗಳಲ್ಲಿ ಮಾತ್ರ ಕೆಲಸ, ಅದೂ ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆ ಬಿಟ್ಟು. ಕೂಡುಗಳಲ್ಲಿ ಸಂದುಗಳಿವೆ, ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ. ಅದರ ಕೆಳಗೆ ಈಗಲೂ ಒಂದು ಮಡಚಿದ ವಿಸಿಟಿಂಗ್ ಕಾರ್ಡ್ ಇದೆ.

ಹಲಗೆಗಳು ಬಂದಾಗ ಕಪ್ಪಾಗಿದ್ದವು. ಕೊಟ್ಟಿಗೆಯ ಒಂದು ಮೂಲೆಯಲ್ಲಿ ಬಚ್ಚಲೊಲೆ ಇತ್ತು, ದಶಕಗಳ ಹೊಗೆ ಅಟ್ಟಕ್ಕೆ ಕೂತಿತ್ತು. ಅದರಡಿಗೆ ಅಜ್ಜ ಯಾವತ್ತೋ ಬಳಿಸಿದ್ದ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆ ಹಸಿಯಾಗಿ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಗೆದ್ದಲು ಕೂಡ ಹತ್ತಿರ ಬರುವುದಿಲ್ಲ. ನಮ್ಮ ಕಡೆ ಪಕಾಸಿಗೆ, ಜಂತಿಗೆ ಅದನ್ನೇ ಬಳಿಯುತ್ತಿದ್ದರು. ಮರವನ್ನು ಕಾಯುವುದು ಮುಖ್ಯವಾಗಿತ್ತು, ಮರ ಕಾಣಬೇಕು ಎಂದು ಯಾರಿಗೂ ಇರಲಿಲ್ಲ. ಕಾಣುವುದಕ್ಕೆ ಅಲ್ಲಿ ಬೆಳಕಾದರೂ ಎಲ್ಲಿತ್ತು?

ತೋಪಡ ಹೊಡೆದಾಗ ಕಪ್ಪು ಸುರುಳಿಗಳ ಕೆಳಗಿನಿಂದ ಜೇನಿನ ಬಣ್ಣದ ಮರ ಬಂತು. ಹಲಸಿನ ಮರ ಕಡಿದಾಗ ಅರಿಸಿನ ಹಳದಿ. ಬೆಳಕಿಗೆ, ಗಾಳಿಗೆ ವರ್ಷಗಟ್ಟಲೆ ಒಡ್ಡಿದ ಮೇಲೆ ಕೆಂಪು ಬೆರೆತ ಕಂದು. ವೀಣೆ ಮೃದಂಗಗಳನ್ನು ಮಾಡುವುದು ಇದೇ ಮರದಿಂದ. ಇದರ ಚಕ್ಕೆ ಕುದಿಸಿದ ನೀರಿನಲ್ಲೇ ಬೌದ್ಧ ಭಿಕ್ಷುಗಳು ತಮ್ಮ ಬಟ್ಟೆಗೆ ಬಣ್ಣ ಹಾಕಿಕೊಳ್ಳುತ್ತಿದ್ದರು.

ಇಷ್ಟು ಆದ ಮೇಲೆ ಉಪ್ಪುಕಾಗದ. 80ರಿಂದ ಶುರು ಮಾಡಿ 120, 180, 220. ಸಂಖ್ಯೆ ದೊಡ್ಡದಾದಷ್ಟೂ ಕಾಗದ ನಯ. ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಆಗ ಕಾಣದ ಗೀರುಗಳು ಪಾಲಿಶ್ ಬಿದ್ದ ಕ್ಷಣ ಎದ್ದು ನಿಲ್ಲುತ್ತವೆ. ಅವಸರದಲ್ಲಿ ಒಂದು ನಂಬರು ಹಾರಿಸಿದರೂ ಹಾಗೇ. ನನ್ನ ಕೈಪಿಡಿಯಲ್ಲಿ ಇದ್ದ ಒಂದು ಉಪಾಯ ನಿಜಕ್ಕೂ ಕೆಲಸಕ್ಕೆ ಬಂತು: ಪ್ರತಿ ಸಲ ಉಜ್ಜುವ ಮುಂಚೆ ಮರದ ಮೇಲೆಲ್ಲ ಪೆನ್ಸಿಲಿನಿಂದ ತೆಳ್ಳಗೆ ಗೀಚುವುದು. ಗೀಚು ಎಲ್ಲ ಕಡೆ ಹೋದರೆ ಆ ನಂಬರಿನ ಕೆಲಸ ಮುಗಿಯಿತು. ಇದನ್ನು ನಾನೇ ಕನ್ನಡದಲ್ಲಿ ಬರೆದಿದ್ದೆ, ಆದರೆ ಮಾಡುವಾಗ ಮೊದಲ ಸಲ ಓದಿದಂತೆ ಅನ್ನಿಸಿತು.

*

ಇನ್ನು ಮೇಲೇನು ಹಚ್ಚುವುದು?

ಅಂಗಡಿಯಲ್ಲಿ ಸಿಗುವ ತಿಳಿಮೆರುಗುಗಳನ್ನು (ಇಲ್ಲಿ ನನ್ನನ್ನು ತಿದ್ದುವವರಿಲ್ಲ) ಸ್ಥೂಲವಾಗಿ ಎರಡು ಜಾತಿ ಮಾಡಬಹುದು. ಮೊದಲನೆಯದು ಬರೀ ಆರುವಂಥದ್ದು. ಯಾವುದೋ ದ್ರವದಲ್ಲಿ ಕರಗಿರುತ್ತದೆ, ದ್ರವ ಹಾರಿಹೋಗಿ ಪದರ ಉಳಿಯುತ್ತದೆ. ಮತ್ತೆ ಅದೇ ದ್ರವ ಬಿದ್ದರೆ ಮತ್ತೆ ಕರಗುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಈ ಜಾತಿಯದು. ಎರಡನೆಯದು ಗಟ್ಟಿಯಾಗುವಾಗ ಒಳಗೊಳಗೇ ಬದಲಾಗುವಂಥದ್ದು. ಸಣ್ಣ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾಗುತ್ತವೆ, ಆಮೇಲೆ ಹಿಂದಕ್ಕೆ ಬರುವುದಿಲ್ಲ. ಈಗ ಎಲ್ಲರೂ ಪಿಯು ಅನ್ನುವ ಪಾಲಿಯುರಿಥೇನ್, ಹಳೆಯ ವಾರ್ನಿಶ್, ಅಗಸೆ ಎಣ್ಣೆ ಎಲ್ಲ ಈ ಸಾಲಿನವು. ಪಿಯು ನೀರಿಗೆ, ಬಿಸಿಗೆ, ಗೀರಿಗೆ ಗಟ್ಟಿ. ಆದರೆ ಒಂದು ಕಡೆ ಕಿತ್ತು ಬಂದರೆ ಅಲ್ಲಿಗಷ್ಟೇ ತೇಪೆ ಹಾಕುವುದು ಕಷ್ಟ, ಹೊಸ ಪದರ ಹಳೆಯದರೊಳಗೆ ಬೆರೆಯುವುದಿಲ್ಲ. ಅರಗು ನಾಜೂಕು. ಆದರೆ ಹೊಸ ಕೈ ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ. ನೂರು ವರ್ಷದ ಪೆಟ್ಟಿಗೆಯನ್ನೂ ಒಂದು ಬಟ್ಟೆಯುಂಡೆಯಿಂದ ರಿಪೇರಿ ಮಾಡಬಹುದು.

ನಾನು ಅರಗನ್ನು ಆರಿಸಿಕೊಂಡೆ. ಅದಕ್ಕೆ ತಾಂತ್ರಿಕ ಕಾರಣಕ್ಕಿಂತ ಪದದ ಮೋಹವೇ ಹೆಚ್ಚು. ಇಂಗ್ಲಿಷಿನ ಲ್ಯಾಕ್, ಲ್ಯಾಕರ್, ಶೆಲ್ಯಾಕ್ ಎಲ್ಲದರ ಬೇರು ಸಂಸ್ಕೃತದ ಲಾಕ್ಷಾ. ಮರಾಠಿ ಹಿಂದಿಗಳಲ್ಲಿ ಲಾಖ್. ನಮ್ಮಲ್ಲಿ ಅರಗು, ತಮಿಳಿನಲ್ಲಿ ಅರಕ್ಕು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆ, ಅಂಚೆಯ ಪಾರ್ಸೆಲ್ಲಿನ ಮೇಲೆ ಒತ್ತುವ ಅರಗಿನ ಮುದ್ರೆ, ಚನ್ನಪಟ್ಟಣದ ಬೊಂಬೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ ಬಣ್ಣವಾಗಿ ಕೂರುವುದನ್ನು ನೀವು ಅಲ್ಲಿ ನೋಡಿರಬಹುದು. ಪ್ಲಾಸ್ಟಿಕ್ ಬರುವವರೆಗೆ ಗ್ರಾಮಫೋನ್ ತಟ್ಟೆಗಳೂ ಅರಗಿನವೇ. ಇಷ್ಟೆಲ್ಲವನ್ನೂ ಮಾಡಿದ್ದು ಮುತ್ತುಗ, ಬೋರೆ ಮರಗಳ ಕೊಂಬೆಗೆ ಅಂಟಿಕೊಂಡು ರಸ ಹೀರುವ ಒಂದು ಸಣ್ಣ ಹುಳ. ತನ್ನನ್ನೂ ಮರಿಗಳನ್ನೂ ಕಾಪಾಡಿಕೊಳ್ಳಲು ಹೆಣ್ಣುಹುಳ ಮೈ ಸುತ್ತ ಒಸರಿಸುವ ರಾಳವೇ ಅರಗು. ಜಾರ್ಖಂಡಿನ ಕಾಡುಗಳಲ್ಲಿ ಇದು ಈಗಲೂ ಬೆಳೆ. ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲೇ ಇದಕ್ಕಾಗಿ ಒಂದು ಸಂಶೋಧನಾ ಸಂಸ್ಥೆ ಶುರುವಾಗಿತ್ತು.

ಪುಣೆಯ ಅಂಗಡಿಯಲ್ಲಿ ಅದರ ಹೆಸರು ಚಪಡಾ. ಒಣಗಿದ ಎಲೆಚೂರಿನಂಥ, ಬೆಲ್ಲದ ಬಣ್ಣದ ಚಕ್ಕೆಗಳು. ಅರ್ಧ ಲೀಟರ್ ಸ್ಪಿರಿಟ್ಟಿಗೆ 100 ಗ್ರಾಂ ಹಾಕಿ, ಮುಚ್ಚಿಟ್ಟು, ನೆನಪಾದಾಗಲೆಲ್ಲ ಅಲುಗಿಸುತ್ತಿದ್ದರೆ ಮಾರನೆಯ ದಿನಕ್ಕೆ ಕರಗಿರುತ್ತದೆ. ಬೇಕಾದಷ್ಟೇ ಕರಗಿಸಬೇಕು, ಏಕೆಂದರೆ ಕರಗಿಸಿದ ಅರಗು ತಿಂಗಳುಗಟ್ಟಲೆ ಇಟ್ಟರೆ ಹಾಳಾಗಿ ಎಷ್ಟು ಹೊತ್ತಾದರೂ ಅಂಟಂಟಾಗೇ ಉಳಿಯುತ್ತದೆ. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಹತ್ತಿ ಬಟ್ಟೆಯೊಳಗೆ ಉಣ್ಣೆಯ ಉಂಡೆ ಇಟ್ಟು, ಅದ್ದಿ, ನಿಲ್ಲಿಸದೆ ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ನಡುವೆ ನಿಂತರೆ ಅಲ್ಲೇ ಅಂಟಿಕೊಳ್ಳುತ್ತದೆ. ಹಿಂದಿರುಗಿ ತಿದ್ದಲು ಹೋದರೆ ಇನ್ನೂ ಕೆಡುತ್ತದೆ. ತೆಳ್ಳಗೆ ಹಲವು ಕೈ, ದಪ್ಪಗೆ ಒಂದು ಕೈ ಅಲ್ಲ.

ಇದೆಲ್ಲ ಶುರು ಮಾಡುವ ಹೊತ್ತಿಗೆ ಜೂನ್ ಬಂತು. ಕೈಪಿಡಿಯ ಆರನೆಯ ಪುಟದಲ್ಲಿ ನಾನೇ ಬರೆದಿದ್ದೆ: ತೇವದ ಹವೆಯಲ್ಲಿ ಲೇಪಿಸಬೇಡಿ. ಆದರೆ ಅಮ್ಮ ಜುಲೈ ಮೊದಲ ವಾರ ಬರುವವಳು. ಜೂನ್ ಮೂರನೆಯ ವಾರದ ಒಂದು ಶನಿವಾರ, ಹೊರಗೆ ಮಳೆ ಜಿನುಗುತ್ತಿರುವಾಗ, ಮೂರನೆಯ ಕೈ ಎಳೆದೆ. ಹತ್ತು ನಿಮಿಷದಲ್ಲಿ ಮೇಜಿನ ಅರ್ಧಭಾಗ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಸ್ಪಿರಿಟ್ ಹಾರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ತಣ್ಣಗಾದ ಕಡೆ ಗಾಳಿಯ ತೇವ ಬಂದು ಕೂರುತ್ತದೆ, ಅದು ಆರುತ್ತಿರುವ ಅರಗಿನೊಳಗೆ ಸಿಕ್ಕಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ಆ ಸಂಜೆ ನಾನು ಮೇಜಿನ ಮುಂದೆ ಕೂತು ಏನೂ ತೋಚದೆ ಊಟ ಬಿಟ್ಟೆ. ಮಾರನೆಯ ದಿನ ಬಿಸಿಲು ಸ್ವಲ್ಪ ಬಿದ್ದಾಗ ಬಟ್ಟೆಗೆ ಬರೀ ಸ್ಪಿರಿಟ್ ತಾಗಿಸಿ, ಮುಟ್ಟಿಯೂ ಮುಟ್ಟದಂತೆ ಒರೆಸಿದೆ. ಬಿಳುಪು ಹೋಯಿತು. ಅರಗಿನ ಗುಣ ಅದು, ತಪ್ಪನ್ನು ಒಪ್ಪಿಕೊಂಡರೆ ಮತ್ತೆ ಅವಕಾಶ ಕೊಡುತ್ತದೆ. ಇನ್ನೂ ಐದು ಕೈ ಹಚ್ಚಿ, ಜೇನುಮೇಣ ತಿಕ್ಕಿ ಹೊಳಪು ಬರಿಸಿದಾಗ ಮೇಜು ನಿಜಕ್ಕೂ ಚೆಂದವಾಗಿತ್ತು. ಮರದೊಳಗೆ ದೀಪ ಹಚ್ಚಿಟ್ಟ ಹಾಗೆ. ಫೋಟೋ ತೆಗೆದು ಕಂಡಕಂಡವರಿಗೆಲ್ಲ ಕಳಿಸಿದೆ.

*

ಅಮ್ಮ ಬಂದಳು. ಮೇಜಿನ ಸುತ್ತ ಒಂದು ಸುತ್ತು ಬಂದು, 'ಇದು ನಮ್ಮನೆ ಹಲಗೆಯಾ?' ಅಂದಳು. ಹೌದು ಅಂದರೆ ನಂಬಿಕೆಯಾದಂತೆ ಕಾಣಲಿಲ್ಲ. ಬಗ್ಗಿ ಅಡಿಭಾಗ ನೋಡಿದಳು. ಅಲ್ಲೂ ನಾನು ಉಜ್ಜಿ ಅರಗು ಹಚ್ಚಿದ್ದೆ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ, ಅದಕ್ಕೆ ತಕ್ಕಂತೆ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ. ಯಾವ ಪಾಲಿಶ್ ಆದರೂ ಇದನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ಮೇಲೆ ಮಾತ್ರ ಹಚ್ಚಿ ಕೆಳಗೆ ಬಿಟ್ಟರೆ ಎರಡು ಬದಿ ಎರಡು ರೀತಿ ಹೀರಿ ಹಲಗೆ ದೋಣಿಯಂತೆ ಬಾಗುತ್ತದೆ. ಹೀಗಾಗಿ ಕಪ್ಪು ಎಲ್ಲೂ ಉಳಿದಿರಲಿಲ್ಲ.

ಆಕೆ ಕಾಫಿ ಲೋಟ ಹಿಡಿದು ಮೇಜಿನ ಹತ್ತಿರ ಬಂದಾಗ ನಾನು ಅಂದೆ, 'ಅಮ್ಮ, ಬಿಸಿದು ಅದರ ಮೇಲೆ ಇಡಬೇಡ. ಗುರುತು ಬೀಳ್ತದೆ.'

ಹೇಳಿದ್ದು ಸುಳ್ಳಲ್ಲ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಟೀಲ್ ಲೋಟದ ತಳ ನಿಮಿಷದಲ್ಲಿ ಬಿಳಿ ಉಂಗುರ ಬಿಡಿಸುತ್ತದೆ. ನಾನು ನಾಲ್ಕು ಬಿರಡೆಯ ಕೋಸ್ಟರ್‌ಗಳನ್ನು ತಂದಿಟ್ಟಿದ್ದೆ. ಆದರೆ ಅಮ್ಮ ಕೋಸ್ಟರ್‌ಗಳನ್ನು ನೋಡಿದಳು, ಮೇಜನ್ನು ನೋಡಿದಳು, ಲೋಟ ಕೈಯಲ್ಲಿ ಹಿಡಿದುಕೊಂಡೇ ಕಿಟಕಿ ಹತ್ತಿರ ಹೋಗಿ ನಿಂತು ಕುಡಿದಳು.

ಆಮೇಲೆ ದಿನವೂ ಅದೇ. ಊಟಕ್ಕೆ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂರುವುದು. ತರಕಾರಿ ಹೆಚ್ಚುವುದಕ್ಕೆ ನೆಲ. ಓದುವುದಕ್ಕೆ ಮಂಚ. 'ಮೇಜು ನಿಂಗೆ ಕೆಲಸಕ್ಕೆ ಬೇಕಲ, ನಂಗೆ ನೆಲವೇ ಅಭ್ಯಾಸ' ಅನ್ನುತ್ತಿದ್ದಳು. ಮೊಣಕಾಲು ನೋವು ಎಂದು ಊರಲ್ಲಿ ನೆಲಕ್ಕೆ ಕೂರುವುದನ್ನು ಬಿಟ್ಟು ನಾಲ್ಕು ವರ್ಷವಾಗಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರ ನಾನು ಹೆಚ್ಚೇನೂ ಹೇಳಲಿಲ್ಲ. ಒಳಗೊಳಗೇ, ಮೇಜು ಹಾಗೇ ಉಳಿಯುತ್ತಿರುವುದು ಹಿತವಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಒಂದು ಸಂಜೆ ಆಕೆ ಫೋನಿನಲ್ಲಿ ಚಿಕ್ಕಮ್ಮನ ಜೊತೆ ಮಾತಾಡುವುದು ಕೇಳಿಸಿತು. 'ಎಲ್ಲ ಚೆನ್ನಾಗಿದೆ ಮಾರಾಯ್ತಿ. ಒಂದು ಮೇಜು ಮಾಡಿದ್ದಾನೆ, ಮುಟ್ಟೂಕೂ ಹೆದರಿಕೆ. ಅವ್ರ ಮನೆ, ಅವ್ರಿಗೆ ಹೇಗೆ ಬೇಕೋ ಹಾಗೆ. ನವರಾತ್ರಿ ಹೊತ್ತಿಗೆ ನಮ್ಮನೆಗೆ ಬಂದ್ಬಿಡ್ತೀನಿ.'

ನಮ್ಮನೆ. ಭಾಷಾಶಾಸ್ತ್ರ ಓದುವಾಗ ಮೊದಲ ಸೆಮಿಸ್ಟರಿನಲ್ಲೇ ಬರುವ ಒಂದು ಪಾಠವಿದೆ. ಚೆನ್ನೈ, ಹೈದರಾಬಾದಿನಲ್ಲಿರುವ ಓದುಗರಿಗೆ ಇದು ದಿನನಿತ್ಯದ ಅನುಭವ. ತಮಿಳಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ನಾಮ್, ಬಿಟ್ಟು ಹೇಳಿದರೆ ನಾಂಗಳ್. ತೆಲುಗಿನಲ್ಲಿ ಮನಮು, ಮೇಮು. ಇಲ್ಲಿ ಪುಣೆಯಲ್ಲಿ ಮರಾಠಿಯವರಿಗೂ ಆಪಣ್ ಬೇರೆ, ಆಮ್ಹಿ ಬೇರೆ. ಇಂದಿನ ಕನ್ನಡದಲ್ಲಿ ಎಲ್ಲಕ್ಕೂ ಒಂದೇ 'ನಾವು'. 'ನಮ್ಮನೆ' ಅಂದಾಗ ಅದರೊಳಗೆ ಎದುರಿಗಿರುವವರು ಇದ್ದಾರೋ ಇಲ್ಲವೋ ವ್ಯಾಕರಣ ಹೇಳುವುದಿಲ್ಲ. ಸಂದರ್ಭವೇ ಹೇಳಬೇಕು. ಸಾಗರದ ಮನೆಯನ್ನು ಅಮ್ಮ ನಮ್ಮನೆ ಅನ್ನುವಾಗ ಅದರಲ್ಲಿ ನಾನಿದ್ದೇನೆ ಎಂದೇ ಯಾವತ್ತೂ ತಿಳಿದಿದ್ದೆ. ಆ ಸಂಜೆ ಅನುಮಾನವಾಯಿತು. ಈ ಮನೆಯ ವಿಷಯದಲ್ಲಂತೂ ಅನುಮಾನವೇ ಇರಲಿಲ್ಲ, 'ಅವ್ರ ಮನೆ' ಎಂದು ಸ್ಪಷ್ಟವಾಗೇ ಇತ್ತು.

ಹಲಗೆ ತರಿಸಿದ್ದು ಯಾಕೆ ಎಂದು ನೆನಪಾಯಿತು. ಯಾರಿಗೆಂದು ಮಾಡಿದ್ದೆನೋ ಅವಳಿಂದಲೇ ಮೇಜನ್ನು ಕಾಯುತ್ತಾ ಕೂತಿದ್ದೆ.

*

ಮಾರನೆಯ ದಿನ ಎರಡು ಲೀಟರ್ ಸ್ಪಿರಿಟ್ ತಂದೆ. ಅರಗಿನ ಮೇಲೆಯೇ ಪಿಯು ಹಚ್ಚಿಬಿಡಬಹುದಿತ್ತು ಅನ್ನುವವರಿಗೆ: ಸಾಮಾನ್ಯ ಚಪಡಾದಲ್ಲಿ ಮೇಣದ ಅಂಶ ಇರುತ್ತದೆ, ಅದರ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಮೇಣ ತೆಗೆದ ಅರಗು ಬೇರೆಯೇ ಸಿಗುತ್ತದೆ, ನಾನು ತಂದಿದ್ದು ಅದಲ್ಲ. ಮೇಲಾಗಿ ಜೇನುಮೇಣವನ್ನೂ ತಿಕ್ಕಿದ್ದೆ. ಎಲ್ಲ ತೆಗೆಯಲೇಬೇಕು.

ಸ್ಪಿರಿಟ್ ಸುರಿದು ಉಜ್ಜತೊಡಗಿದಾಗ ಅಮ್ಮ ಗಾಬರಿಯಾಗಿ ಎದ್ದು ಬಂದಳು. 'ಎಂತ ಮಾಡ್ತಿದ್ದೆ? ಅಷ್ಟು ಚೆಂದ ಇತ್ತು!' ಇದು ಲೋಟ ತಡೆಯುವುದಿಲ್ಲ, ತಡೆಯುವಂಥದ್ದು ಹಚ್ಚುತ್ತೇನೆ ಅಂದೆ. ಆಕೆ ಏನೂ ಅನ್ನದೆ ಒಳಗೆ ಹೋಗಿ, ಪಾತ್ರೆ ತಿಕ್ಕಲೆಂದು ಊರಿನಿಂದ ತಂದಿದ್ದ ತೆಂಗಿನ ನಾರಿನ ಉಂಡೆ ಹಿಡಿದು ಬಂದಳು. ನನ್ನ ಬಟ್ಟೆಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು. ನಾನು ಕೈಗವಸು ಕೊಟ್ಟರೆ ಒಂದು ಕೈಗೆ ಮಾತ್ರ ಹಾಕಿಕೊಂಡಳು. ಎರಡು ಸಂಜೆ, ಕಿಟಕಿಗಳೆಲ್ಲ ತೆರೆದು, ಫ್ಯಾನ್ ಹಾಕಿ, ಇಬ್ಬರೂ ಸೇರಿ ಮೂರು ವಾರದ ಕೆಲಸವನ್ನು ಕಿತ್ತೆವು. ಉಜ್ಜುವಾಗ ಆಕೆ ಕೊಟ್ಟಿಗೆ ಕಟ್ಟಿದ ಕಾಲದ ಕತೆ ಹೇಳಿದಳು. ಆ ಹಲಸಿನ ಮರ ಇದ್ದದ್ದು ತೋಟದ ಮೇಲಿನ ದರೆಯಲ್ಲಂತೆ. ಒಳ್ಳೆಯ ಬಕ್ಕೆ ಹಣ್ಣು ಬಿಡುತ್ತಿದ್ದ ಮರವನ್ನು ಕಡಿಸಿದ್ದಕ್ಕೆ ಅಜ್ಜಿ ಎರಡು ದಿನ ಅಜ್ಜನ ಜೊತೆ ಮಾತು ಬಿಟ್ಟಿದ್ದರಂತೆ. ಇದನ್ನು ನಾನು ಮೊದಲು ಕೇಳಿರಲಿಲ್ಲ.

ಈ ಸಲ ಹಚ್ಚಿದ್ದು ಎಣ್ಣೆ. ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂದು ಕೊಡುವ ಅಗಸೆ ಎಣ್ಣೆ, ವಾರ್ನಿಶ್, ಟರ್ಪೆಂಟೈನ್ ಮೂರೂ ಸಮಪಾಲು. ಪಿಯು ಇದಕ್ಕಿಂತ ಗಟ್ಟಿ, ಆದರೆ ಅದು ಕೆಟ್ಟಾಗ ಇಡೀ ಮೇಜು ಉಜ್ಜಬೇಕಾಗುತ್ತದೆ. ಎಣ್ಣೆ ಮರದೊಳಗೆ ಇಳಿಯುತ್ತದೆ, ಮೇಲೆ ಗಾಜಿನಂಥ ಪದರ ನಿಲ್ಲುವುದಿಲ್ಲ. ಬಿಸಿ ಲೋಟಕ್ಕೆ ಅರಗಿಗಿಂತ ಎಷ್ಟೋ ವಾಸಿ. ಮಸುಕಾದ ಕಡೆ ಒಂದು ಚಿಂದಿಯಲ್ಲಿ ಮತ್ತೆ ಎಣ್ಣೆ ಒರೆಸಿದರೆ ಸಾಕು.

'ಎಣ್ಣೆ ಹಚ್ಚೂದಾದ್ರೆ ಕೊಬ್ಬರಿ ಎಣ್ಣೆ ಆಗೂದಿಲ್ವ?' ಎಂದು ಅಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಕೊಬ್ಬರಿ ಎಣ್ಣೆ ಎಷ್ಟು ದಿನ ಇಟ್ಟರೂ ಎಣ್ಣೆಯಾಗೇ ಇರುತ್ತದೆ, ಧೂಳು ಹಿಡಿಯುತ್ತದೆ, ಜಿಡ್ಡುವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದು ಆರುವುದಿಲ್ಲ, ಬೇಯುತ್ತದೆ ಅಂದರೂ ತಪ್ಪಲ್ಲ, ಏಕೆಂದರೆ ಆ ಕ್ರಿಯೆಯಲ್ಲಿ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಹೊರಗೆ ಹೋಗಲಾಗದೆ, ಕಿಡಿ ತಾಗದೆಯೂ ಹೊತ್ತಿಕೊಳ್ಳಬಹುದು. ಇದು ಉತ್ಪ್ರೇಕ್ಷೆಯಲ್ಲ, ಇದರಿಂದ ಮನೆಗಳು ಸುಟ್ಟಿವೆ. ಈ ಪ್ರಬಂಧದಿಂದ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಆ ಚಿಂದಿಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ. ನಾನು ಇಷ್ಟನ್ನೂ ವಿವರಿಸಿದಾಗ ಅಮ್ಮ, 'ಹಸಿ ಹುಲ್ಲಿನ ಬಣವೆ ಬಿಸಿಯಾದ ಹಾಗೆ' ಅಂದಳು. ಹೆಚ್ಚುಕಮ್ಮಿ ಹಾಗೆಯೇ.

ಮೊದಲೆರಡು ಕೈ ನಾನು ಹಚ್ಚಿದೆ. ಧಾರಾಳವಾಗಿ ಬಳಿದು, ಹದಿನೈದು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಈ ಒರೆಸುವುದೇ ಮುಖ್ಯ. ಒಂದೊಂದು ಕೈಗೂ ಒಂದು ದಿನ ಬಿಡುವು, ಮಳೆಗಾಲವಾದ್ದರಿಂದ ನಾನು ಎರಡು ದಿನ ಬಿಟ್ಟೆ. ಮೂರನೆಯ ಕೈ ಹಚ್ಚುವ ದಿನ ನನಗೆ ಒಂದು ಅನುವಾದ ಸಂಜೆಯೊಳಗೆ ಕೊಡಬೇಕಿತ್ತು. ಬಾಗಿಲು ಹಾಕಿಕೊಂಡು ಕೂತಿದ್ದೆ. ಐದು ಗಂಟೆಗೆ ಹೊರಗೆ ಬಂದರೆ ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಅಮ್ಮ ಸೆರಗು ಸಿಕ್ಕಿಸಿ, ಚಿಂದಿಗಳನ್ನು ಬಾಲ್ಕನಿಯ ಹಗ್ಗದ ಮೇಲೆ ಒಂದೊಂದಾಗಿ, ಕ್ಲಿಪ್ ಹಾಕಿ ಹರವುತ್ತಿದ್ದಾಳೆ. 'ನೀ ಕೆಲಸದಲ್ಲಿದ್ದೆ. ಅದಕ್ಕೇ ನಾನೇ ಹಚ್ಚಿದೆ' ಅಂದಳು.

ಮುಕ್ಕಾಲು ಮೇಜು ನನಗಿಂತ ಚೆನ್ನಾಗಿ ಹಚ್ಚಿದ್ದಳು. ಎಡಗಡೆಯ ಒಂದು ಮೂಲೆಯಲ್ಲಿ ಮಾತ್ರ, ಬಹುಶಃ ಹಾಲು ಉಕ್ಕಿ ಒಳಗೆ ಓಡಿದ್ದರಿಂದ, ಒರೆಸುವುದು ಮರೆತುಹೋಗಿತ್ತು. ಅಲ್ಲಿ ಎಣ್ಣೆ ನಿಂತು ಹಲಸಿನ ಮೇಣದಂತೆ ಅಂಟಾಗಿತ್ತು. ಟರ್ಪೆಂಟೈನ್ ಹಾಕಿ ತಿಕ್ಕಿದೆವು, ಪೂರ್ತಿ ಹೋಗಲಿಲ್ಲ. ಎರಡು ವಾರ ಆ ಮೂಲೆಗೆ ಇಟ್ಟ ಕಾಗದ, ಪತ್ರಿಕೆ ಎಲ್ಲ ಅಂಟಿಕೊಳ್ಳುತ್ತಿತ್ತು. ನನಗೆ ಕಿರಿಕಿರಿಯಾಯಿತು, ಒಂದು ಸಲ ಮುಖ ಸಿಂಡರಿಸಿದ್ದೂ ಹೌದು. ಅಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ. 'ಒಣಗ್ತದೆ ಬಿಡು, ನಮ್ಮನೆ ಬಾಗಿಲಿನ ಗೇರೆಣ್ಣೆ ಒಣಗಕ್ಕೆ ಒಂದು ವರ್ಷ ಹಿಡಿದಿತ್ತು' ಅಂದಳು. ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು ಬೆರಳಿನಿಂದ ಆ ಮೂಲೆಯನ್ನು ಒತ್ತಿ ನೋಡುವುದು ಆಕೆಯ ಕೆಲಸವಾಯಿತು. ಇವತ್ತು ಸ್ವಲ್ಪ ಕಮ್ಮಿ, ಇವತ್ತು ಇನ್ನೂ ಕಮ್ಮಿ ಎಂದು ವರದಿ.

ಲೋಟ ಯಾವತ್ತು ಮೇಜಿನ ಮೇಲೆ ಬಂತು ಎಂದು ನಾನು ಗಮನಿಸಲಿಲ್ಲ. ನಾಲ್ಕನೆಯ ಕೈ ಹಚ್ಚಿ, ಗಟ್ಟಿಯಾಗಲೆಂದು ಮೂರು ವಾರ ಬಿಡಬೇಕು ಎಂದು ಲೆಕ್ಕ ಹಾಕಿದ್ದೆ. ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದು ಬಂದಾಗ ಆಕೆ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಪೇಪರ್ ಓದುತ್ತಿದ್ದಳು. ಕನ್ನಡಕ ಒಂದು ಕಡೆ, ಬಿಡಿಸಿಟ್ಟ ಬೆಳ್ಳುಳ್ಳಿ ಒಂದು ಕಡೆ, ಹಬೆಯಾಡುವ ಲೋಟ ನಡುವೆ. ಕೋಸ್ಟರ್ ಇರಲಿಲ್ಲ. ಮೂರು ವಾರಕ್ಕೆ ಇನ್ನೂ ನಾಲ್ಕು ದಿನ ಬಾಕಿ ಇತ್ತು. ನಾನು ಬಾಯಿ ತೆರೆದವನು ಮುಚ್ಚಿಕೊಂಡು, ನನ್ನ ಲೋಟ ತಂದು ಎದುರಿಗೆ ಇಟ್ಟುಕೊಂಡೆ.

*

ನವರಾತ್ರಿಗೆ ಅಮ್ಮ ಊರಿಗೆ ಹೋದಳು. ಆಮೇಲೆ ಅಡಿಕೆ ಕೊಯ್ಲು. ಆಕೆ ಇಲ್ಲೇ ಉಳಿದುಬಿಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ ಅಂದರೆ ಅದು ನನ್ನ ದಡ್ಡತನ. ಒಂದು ಮೇಜಿನಿಂದ ಆಗುವ ಕೆಲಸ ಅದಲ್ಲ.

ಮೇಜು ಈಗ ಮೊದಲಿನಷ್ಟು ಹೊಳೆಯುವುದಿಲ್ಲ. ಕಿಟಕಿಯ ಕಡೆಯ ಹಲಗೆ ಇನ್ನೊಂದಕ್ಕಿಂತ ಒಂದು ಛಾಯೆ ಕಂದಾಗಿದೆ. ತಿಳಿಮೆರುಗು ಬೆಳಕನ್ನು ತಡೆಯುವುದಿಲ್ಲ, ಮರ ತನ್ನ ಪಾಡಿಗೆ ಬಣ್ಣ ಬದಲಿಸುತ್ತಲೇ ಇರುತ್ತದೆ. ಅಮ್ಮ ಕೂರುತ್ತಿದ್ದ ಕಡೆ ಎರಡು ಮೂರು ಮಸುಕು ಉಂಗುರಗಳಿದ್ದವು. ಎಣ್ಣೆಯ ಚಿಂದಿಯಲ್ಲಿ ಒರೆಸಿದೆ, ಹೋದವು. ಹೋಗುತ್ತವೆ ಅಂತಲೇ ಎಣ್ಣೆ ಆರಿಸಿಕೊಂಡಿದ್ದು.

ವರ್ಷಕ್ಕೊಮ್ಮೆಯಾದರೂ ಇದಕ್ಕೆ ಇಡಿಯಾಗಿ ಒಂದು ಕೈ ಎಣ್ಣೆ ಬೇಕು. ಹೋದ ವಾರ ಫೋನ್ ಮಾಡಿದಾಗ, ಚಳಿಗಾಲದ ಒಣಹವೆ ಇರುವಾಗಲೇ ಹಚ್ಚಿಬಿಡುತ್ತೇನೆ ಅಂದೆ.

'ನಂಗೆ ಕೊಯ್ಲು ಮುಗೀಲಿ, ಶಿವರಾತ್ರಿ ಹೊತ್ತಿಗೆ ಬರ್ತೀನಿ,' ಅಂದಳು. 'ಅಲ್ಲಿವರೆಗೆ ಹಚ್ಚಬೇಡ. ನೀ ಮೂಲೆ ಸರಿ ಒರೆಸೂದಿಲ್ಲ.'